ಎಕ್ಸ್‌ಪಿ ಸಾಹೇಬರ ಟ್ರಾನ್ಸ್‌ಫರ್

ನಮ್ಮ ಡಿಟಿಪಿ ಅಂಗಡಿಯಲ್ಲಿ ಕಣ್ಣಿಗೆ ಕಾಣುವುದು ಒಂದೇ ಕಂಪ್ಯೂಟರ್. ಕೆಲಸ ಮಾಡುವುದು ಮಾತ್ರ ಅದರ ಹೊಟ್ಟೆಯಲ್ಲಿರುವ ಇನ್ನೊಂದು. ಹೊರಗಿನದು ವಿಂಡೋಸ್ 10. ಒಳಗೆ ವರ್ಚುವಲ್‌ಬಾಕ್ಸ್ ಅನ್ನೋ ಸಾಫ್ಟ್‌ವೇರಿನ ಕಿಟಕಿ. ಆ ಕಿಟಕಿಯಲ್ಲಿ ವಿಂಡೋಸ್ ಎಕ್ಸ್‌ಪಿ. 2001ರಲ್ಲಿ ಬಂದದ್ದು. ಅದೇ ಹಸಿರು ಗುಡ್ಡ, ಅದೇ ನೀಲಿ ಆಕಾಶ. 2014ರ ಏಪ್ರಿಲ್ 8ಕ್ಕೆ ಕಂಪನಿಯವರು ಅದಕ್ಕೆ ಎಳ್ಳುನೀರು ಬಿಟ್ಟರು. ನಾವು ಬಿಡಲಿಲ್ಲ.

ಯಾಕ್ರೀ ಇನ್ನೂ ಇದು, ಎಲ್ಲಾ ಕಂಪ್ಯೂಟರಿನಲ್ಲೂ ಕನ್ನಡ ಒಂದೇ ಥರ ಕಾಣಿಸೋ ಯೂನಿಕೋಡ್ ಬಂದಿಲ್ವಾ ಅಂತ ಕೇಳುವವರಿದ್ದಾರೆ. ಬಂದಿದೆ. ಆದರೆ ನಮ್ಮೂರಿನ ಅರ್ಧ ಜನರ ಮದುವೆ, ಮುಂಜಿ, ಗೃಹಪ್ರವೇಶ, ವೈಕುಂಠ ಸಮಾರಾಧನೆ ಎಲ್ಲಾ ಇರುವುದು ಪೇಜ್‌ಮೇಕರ್ 7 ಅನ್ನೋ ಪುಟ ಕೂರಿಸುವ ಸಾಫ್ಟ್‌ವೇರಿನಲ್ಲಿ, ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟ್‌ಗಳಲ್ಲಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಮ್ಯಾಟರ್ ತೆರೆದು ನೋಡಿ. ನ ಅನ್ನುವ ಅಕ್ಷರ ಪೌಂಡಿನ ಚಿಹ್ನೆ ಆಗುತ್ತದೆ, ಪ ಜಪಾನಿನ ಯೆನ್ ಆಗುತ್ತದೆ. ‘ಆಶೀರ್ವಾದವೇ ಉಡುಗೊರೆ’ ಅಂತ ಕೆಳಗೆ ಹಾಕಿಸಿದವರ ಕಾರ್ಡಿನ ತುಂಬಾ ಪೌಂಡು, ಯೆನ್ನು. ಓದಿದವರು ಏನಂದುಕೊಂಡಾರು?

ಹಳೇ ಮಷಿನ್ನಿನ ಹಾರ್ಡ್ ಡಿಸ್ಕ್ ಟಕ್ ಟಕ್ ಅನ್ನಲು ಶುರುಮಾಡಿತು. ಹೊಸ ಲ್ಯಾಪ್‌ಟಾಪ್ ಬಂತು. ಎಕ್ಸ್‌ಪಿ ಸಾಹೇಬರನ್ನು ಅಲ್ಲಿಗೆ ಟ್ರಾನ್ಸ್‌ಫರ್ ಮಾಡಬೇಕು. ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ. ಈ ವ್ಯವಸ್ಥೆಯನ್ನೆಲ್ಲ ಮೊದಲು ಮಾಡಿಕೊಟ್ಟವನೂ ಅವನೇ.

“ಅಯ್ಯೋ ಅದೇನಿಲ್ಲ ಮಾವ, ಕಂಪ್ಯೂಟರ್ ಅಂದ್ರೂ ಅದೊಂದು ಫೈಲ್ ಅಷ್ಟೇ. ವಿಡಿಐ ಅಂತ ಇರುತ್ತೆ ನೋಡಿ. ಕಾಪಿ ಮಾಡಿ, ಪೇಸ್ಟ್ ಮಾಡಿ. ಮೀಟಿಂಗ್ ಇದೆ, ಇಡ್ತೀನಿ.”

ಫೈಲ್ ಸಿಕ್ಕಿತು. 6 ಜಿಬಿ. 32 ಜಿಬಿಯ ಪೆನ್‌ಡ್ರೈವ್ ಪೂರ್ತಿ ಖಾಲಿ. ಹಾಕಿದರೆ ‘ಫೈಲ್ ತುಂಬಾ ದೊಡ್ಡದು’ ಅಂತು. ಮಗಳ ಲಗ್ನಪತ್ರಿಕೆಯ ತಿದ್ದುಪಡಿಗೆ ಬಂದು ಕೂತಿದ್ದ ಯಜಮಾನರು ಬಗ್ಗಿ ನೋಡಿ, “ಜಾಗ ಇದೆಯಲ್ರೀ!” ಅಂದರು. ಜಾಗ ಇದೆ. ಆದರೆ ಪೆನ್‌ಡ್ರೈವ್ ಫ್ಯಾಟ್32 ಪದ್ಧತಿಯದು. ಒಂದೊಂದು ಫೈಲೂ 4 ಜಿಬಿಯ ಒಳಗಿರಬೇಕು ಅನ್ನುವುದು ಅದರ ಮಡಿ. ಎಷ್ಟು ಫೈಲ್ ಬೇಕಾದರೂ ಬರಲಿ, ದಪ್ಪಗಿರುವವರು ಬರಬಾರದು. ಅಲ್ಲ, 32 ಜಿಬಿ ಅಂತ ಡಬ್ಬಿ ಮೇಲೆ ಅಷ್ಟು ದೊಡ್ಡದಾಗಿ ಬರೆಯುವವರು ಇದನ್ನೂ ಒಂದು ಸಾಲು ಬರೆದರೆ ಗಂಟೇನು ಹೋಗುತ್ತೆ?

ಪಕ್ಕದ ಸ್ಟುಡಿಯೋದವರ ಎಕ್ಸ್‌ಟರ್ನಲ್ ಡಿಸ್ಕ್ ತಂದು ಸಾಗಿಸಿದ್ದಾಯಿತು. ಅಳಿಯ ಹೇಳಿದಂತೆ ಹೊಸ ಲ್ಯಾಪ್‌ಟಾಪಿನಲ್ಲಿ ವರ್ಚುವಲ್‌ಬಾಕ್ಸ್ ಹಾಕಿ, ಹೊಸ ಮಷಿನ್ ಮಾಡಿ, ಈ ಡಿಸ್ಕ್ ತೋರಿಸಿದೆ. ಸಾಹೇಬರು ಎದ್ದರು. ಹಸಿರು ಗುಡ್ಡ, ನೀಲಿ ಆಕಾಶ, ಡೆಸ್ಕ್‌ಟಾಪ್ ತುಂಬಾ ಫೋಲ್ಡರ್. ಮೂಲೆಯಲ್ಲಿ ಏನೋ ಹಳದಿ ಚೀಟಿ ಮೂಡಿ ಮರೆಯಾಯಿತು. ನೋಡುವ ಪುರುಸೊತ್ತು ಯಾರಿಗಿದೆ?

“ನಮ್ದು ತೆಗೀರಿ,” ಅಂದರು ಯಜಮಾನರು.

ಅವರ ಫೈಲ್ ಇಲ್ಲ. ಹೋದ ವಾರದ್ದು ಯಾವುದೂ ಇಲ್ಲ. ಹೋದ ವರ್ಷದ್ದೂ ಇಲ್ಲ. ಗಡಿಯಾರ ಮಾತ್ರ ಇವತ್ತಿನ ತಾರೀಖು ತೋರಿಸುತ್ತಿದೆ, ಅದನ್ನು ಹೊರಗಿನ ಲ್ಯಾಪ್‌ಟಾಪಿನಿಂದ ಕೇಳಿಕೊಂಡಿದೆ. ಮಿಕ್ಕಿದ್ದೆಲ್ಲ 2019. ಆ ಡೆಸ್ಕ್‌ಟಾಪಿನಲ್ಲಿ ಕೊರೊನಾ ಬಂದೇ ಇಲ್ಲ. ‘ಮಾಸ್ಕ್ ಧರಿಸಿ ಬಂದು ಆಶೀರ್ವದಿಸಿ’ ಅಂತ ನಾನೇ ಕೂರಿಸಿದ್ದ ಕಾರ್ಡುಗಳು ಒಂದೂ ಇಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಬೇಕರಿಯವರ ಮದುವೆ ಇನ್ನೂ ಮೊದಲ ಪ್ರೂಫಿನಲ್ಲಿದೆ. ಅವರ ಮಗ ಈಗ ಸ್ಕೂಲಿಗೆ ಹೋಗುತ್ತಾನೆ. ಆ ಹುಡುಗನ ನಾಮಕರಣದ ಕಾರ್ಡೂ ನಮ್ಮದೇ. ಇಲ್ಲಿ ನೋಡಿದರೆ ಅವರಪ್ಪನಿಗೆ ಮುಹೂರ್ತವೇ ನಿಂತಿಲ್ಲ.

ಮತ್ತೆ ಫೋನ್. ಅಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಓ... ಸ್ನ್ಯಾಪ್‌ಶಾಟ್ ಇದೆಯಲ್ವಾ,” ಅಂದ.

ಸ್ನ್ಯಾಪ್‌ಶಾಟ್ ಅಂದರೆ ಫೋಟೋ ಅಲ್ಲ. 2019ರಲ್ಲಿ ಅವನೇ, ಸೇಫ್ಟಿಗೆ ಇರಲಿ ಅಂತ, ಒಂದು ಬಟನ್ ಒತ್ತಿ ಹೋಗಿದ್ದ. ಒತ್ತಿದ ಕ್ಷಣದಿಂದ ಆ ದೊಡ್ಡ ಫೈಲ್ ಮೌನವ್ರತ ಹಿಡಿಯುತ್ತದೆ. ಆಮೇಲೆ ನಾವು ಮಾಡುವ ಬದಲಾವಣೆ ಎಲ್ಲಾ ಬೇರೊಂದು ಫೈಲಿಗೆ ಹೋಗುತ್ತದೆ. ಅದಿರುವುದು ಸ್ನ್ಯಾಪ್‌ಶಾಟ್ಸ್ ಅನ್ನೋ ಫೋಲ್ಡರಿನಲ್ಲಿ. ಹೆಸರೋ, ಹೂವಿನ ಬ್ರಾಕೆಟ್ಟಿನೊಳಗೆ ಬಾಯಿಗೆ ಬರದಷ್ಟು ಉದ್ದದ ಅಂಕಿ ಅಕ್ಷರ. ಕಸ ಅಂತ ಯಾರು ಬೇಕಾದರೂ ಅಳಿಸಿಯಾರು. ಅದರಲ್ಲೇ ನನ್ನ ಇಷ್ಟು ವರ್ಷದ ದುಡಿಮೆ! ಸೇಫ್ಟಿ ಅನ್ನುವ ಪದ ಕಿವಿಗೆ ಬಿದ್ದರೆ ಈಗ ನನಗೆ ಸಣ್ಣಗೆ ಬೆವರುತ್ತದೆ.

“ಮೊದಲೇ ಹೇಳಬಾರದೇನೋ?”

“ನೀವು ಕೇಳ್ಲಿಲ್ಲವಲ್ಲ ಮಾವ.”

ಸರಿಯಾದ ದಾರಿ ಬೇರೆ ಇತ್ತಂತೆ. ಎಕ್ಸ್‌ಪಿಯನ್ನು ಪೂರ್ತಿ ಶಟ್‌ಡೌನ್ ಮಾಡಬೇಕು. ಇದ್ದ ಹಾಗೇ ಸೇವ್ ಮಾಡಿ ಮಲಗಿಸಿದರೆ ಬೇರೆ ಪ್ರೊಸೆಸರಿನ ಮೇಲೆ ಏಳುವ ಖಾತ್ರಿ ಇಲ್ಲ. ಆಮೇಲೆ ಮೆನುವಿನಲ್ಲಿ ‘ಎಕ್ಸ್‌ಪೋರ್ಟ್ ಅಪ್ಲಯನ್ಸ್’. ಆಗ ಹಳೆಯದು, ಹೊಸದು ಎರಡೂ ಬೆರೆತು, ಇವತ್ತು ಹೇಗಿದೆಯೋ ಹಾಗೆ, ಓವಿಎ ಅನ್ನೋ ಒಂದೇ ಗಂಟಾಗುತ್ತದೆ. ಒತ್ತಿದೆ. 7 ನಿಮಿಷ ಅಂತು. ಯಜಮಾನರ ಜೊತೆ ಕಾಫಿ ಕುಡಿದು ಬಂದೆ. 2 ಗಂಟೆ ಅಂತು. ಅವರು ಊಟ ಮುಗಿಸಿ ಬರುತ್ತೇನೆ ಅಂತ ಹೋದರು, ಹೇಳಿದಂತೆಯೇ ಬಂದೂ ಬಿಟ್ಟರು.

ಅಂತೂ ಹೊಸ ಲ್ಯಾಪ್‌ಟಾಪಿನಲ್ಲಿ ಸಾಹೇಬರು ಈ ಸಲ ಎಲ್ಲಾ ಕಾಗದಪತ್ರದ ಸಮೇತ ಎದ್ದರು. ಜೊತೆಗೆ ಆ ಹಳದಿ ಚೀಟಿಯೂ ಬಂತು. ಹಾರ್ಡ್‌ವೇರ್ ತುಂಬಾ ಬದಲಾಗಿದೆ, 3 ದಿನದೊಳಗೆ ಮತ್ತೆ ಆಕ್ಟಿವೇಟ್ ಮಾಡಿ. ಇಲ್ಲದ ಹಾರ್ಡ್‌ವೇರ್ ಬದಲಾಗುವುದು ಹೇಗೆ ಅಂತ ಕೇಳಬೇಡಿ. ಒಳಗಿರುವ ಎಕ್ಸ್‌ಪಿಗೆ ತನ್ನ ಡಿಸ್ಕ್, ಪ್ರೊಸೆಸರ್ ಎಲ್ಲಾ ನಿಜವೇ. ವೈರಸ್ಸಿನ ಹೆದರಿಕೆಗೆ ನಾವು ಅದಕ್ಕೆ ಇಂಟರ್‌ನೆಟ್ ಕೊಟ್ಟಿರಲಿಲ್ಲ. ಹಾಗಾಗಿ ಉಳಿದದ್ದು ಕಂಪನಿಗೆ ಫೋನ್ ಮಾಡುವುದು. ಪರದೆಯ ಮೇಲೆ 54 ಅಂಕಿ, ಆರಾರರ ಗುಂಪಿನಲ್ಲಿ. ಆ ಕಡೆಯಿಂದ ಮಾತಾಡುವುದು ಮನುಷ್ಯರಲ್ಲ, ಮಷಿನ್. ನಾನು ಫೋನಿನ ಗುಂಡಿ ಒತ್ತುತ್ತಾ ಹೋಗಬೇಕು.

“ನೀವು ಒತ್ತಿ, ನಾನು ಓದ್ತೀನಿ,” ಅಂತ ಯಜಮಾನರು ಕನ್ನಡಕ ಏರಿಸಿದರು. ಪಂಚಾಂಗ ಓದುವ ಧಾಟಿ. ನಾಲ್ಕನೇ ಗುಂಪು ಮುಗಿಯುವಾಗ ಅವರ ಮೊಬೈಲ್ ಹೊಡೆದುಕೊಂಡಿತು. ಪುರೋಹಿತರು. “ಹತ್ತು ನಲವತ್ತರ ಮಿಥುನ ಬೇಡ್ವಾ? ಹನ್ನೆರಡು ಹತ್ತು, ಅಭಿಜಿನ್ ಲಗ್ನ?” ನನ್ನ ಬೆರಳು ತನ್ನಷ್ಟಕ್ಕೆ ಒಂದು, ಎರಡು, ಒಂದು, ಸೊನ್ನೆ ಒತ್ತಿತು. ಮಷಿನ್ ಇಂಗ್ಲಿಷಿನಲ್ಲಿ ಕ್ಷಮೆ ಕೇಳಿ ಮೊದಲಿಂದ ಶುರುಮಾಡಿಸಿತು.

ಕೊನೆಗೆ ಅದು ಹೇಳಿದ 42 ಅಂಕಿ ಬರೆದುಕೊಂಡು ತುಂಬಿದ ಮೇಲೆ ಸಾಹೇಬರು ತಣ್ಣಗಾದರು. ಮುಹೂರ್ತ ತಿದ್ದಿದೆ. ಪ್ರೂಫ್ ತೆಗೆದು ಕೈಗೆ ಕೊಟ್ಟೆ. ಯಜಮಾನರು ಬೆರಳಿಟ್ಟು ಓದುತ್ತಾ ಹೋದರು. ‘ಸುಖಾಗಮನ ಬಯಸುವವರು’ ಹತ್ತಿರ ಬೆರಳು ನಿಂತಿತು.

“ನಮ್ಮ ಭಾಮೈದನ ಹೆಸರೇ ಇಲ್ವಲ್ರೀ! ಹುಡುಗಿಯ ಸೋದರಮಾವ! ಈ ಕಂಪ್ಯೂಟರಿಂದ ಆ ಕಂಪ್ಯೂಟರಿಗೆ ಹಾಕುವಾಗ ಬಿದ್ದು ಹೋಗಿರಬೇಕು, ಅಲ್ವಾ?”

ಅವರು ಕೈಯಾರೆ ಬರೆದುಕೊಟ್ಟಿದ್ದ ಚೀಟಿ ನನ್ನ ಡ್ರಾಯರಿನಲ್ಲಿತ್ತು. ಅದರಲ್ಲೂ ಆ ಹೆಸರಿರಲಿಲ್ಲ. ಅವರ ಹಿಂದೆಯೇ ಬಾಗಿಲಲ್ಲಿ ಅವರ ಮನೆಯವರು ನಿಂತಿದ್ದರು.

“ಹೌದು ಸಾರ್, ಹಾಗೇ ಆಗಿರಬೇಕು,” ಅಂದೆ.