ಪೆಟ್ಟಿಗೆ ಕೂಗಿತು, ಇಲಾಖೆ ಕೇಳಿಸಿಕೊಂಡಿತು

ನಮ್ಮ ಬೀದಿಯ ಶೆಟ್ಟರ ಅಂಗಡಿಯಲ್ಲಿ ಕಡಲೆಮಿಠಾಯಿ ಡಬ್ಬಿಯ ಮೇಲೊಂದು ಚೌಕದ ಗುರುತಿದೆ. ಸುತ್ತ ಗಾಜು ಹೊಳೆಯುತ್ತದೆ, ಚೌಕದೊಳಗೆ ಮಾತ್ರ ಅಂಟು, ಧೂಳು. 2025ರ ಜುಲೈ ತನಕ ಅಲ್ಲಿ ಕ್ಯೂಆರ್ ಕೋಡ್ ಇತ್ತು.

ಅದನ್ನು ಅಂಟಿಸುವಂತೆ ಅವರ ತಲೆ ತಿಂದಿದ್ದು ನಾವೇ. 2016ರ ನವೆಂಬರ್‌ನಲ್ಲಿ ನೋಟು ರದ್ದಾದಾಗ "ಕಾಲ ಬದಲಾಯ್ತು ಶೆಟ್ರೇ, ನೀವೂ ಬದಲಾಗಿ" ಎಂದು ದಿನಾ ಉಪದೇಶ ಮಾಡಿದೆವು. ಶೆಟ್ಟರು ಹೂಂ ಅಂದರು. ಗಿರಾಕಿ ಹೇಳಿದ್ದಕ್ಕೆಲ್ಲ ಹೂಂ ಅನ್ನುವುದೇ ಅವರ ಬಂಡವಾಳ. ಕ್ಯೂಆರ್ ಬಂತು, ಚಿಲ್ಲರೆ ಬದಲು ಕೊಡುತ್ತಿದ್ದ ಚಾಕಲೇಟು ಹೋಯಿತು. (ಆಗ ಮೂರನೇ ಕ್ಲಾಸಿನಲ್ಲಿದ್ದ ನನ್ನ ಮಗಳಿಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.) ಆಮೇಲೆ ಮಾತಾಡುವ ಪೆಟ್ಟಿಗೆ ಬಂತು. ನಾನು ಎರಡು ಬಾಳೆಹಣ್ಣು ತಗೊಂಡರೂ ಹನ್ನೆರಡು ರೂಪಾಯಿ ಬಂತೆಂದು ಬೀದಿಗೆಲ್ಲ ಡಂಗುರ. ಹಿಂದೆ ವ್ಯಾಪಾರಿ ಹೆಂಡತಿಗೂ ಬಿಟ್ಟುಕೊಡದ ಲೆಕ್ಕ ಅದು!

ಕೊನೆಗೆ ಆ ಕೂಗು ವಾಣಿಜ್ಯ ತೆರಿಗೆ ಇಲಾಖೆಯ ಕಿವಿಗೂ ಬಿತ್ತು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು, ಸೇವೆಯಾದರೆ 20 ಲಕ್ಷ. ನಿಯಮ ಹೊಸದಲ್ಲ. ಇಲಾಖೆ ಯುಪಿಐ ಲೆಕ್ಕ ತರಿಸಿಕೊಂಡಿತು, ನಾಲ್ಕು ವರ್ಷದ್ದನ್ನು ಒಟ್ಟಿಗೆ ಕೂಡಿ ನೋಟಿಸ್ ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ಕಟ್ಟಿ ಅಂತ ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಆದರೆ ಮಾರಿದ್ದು ಬದನೆಕಾಯಿಯೋ ಬಂಗಾರವೋ ಅಂತ ಯುಪಿಐ ಹೇಳುವುದಿಲ್ಲ, ಅಲ್ವಾ? ಮಗನ ಫೀಸಿಗೆ ಭಾವಮೈದುನ ಕಳಿಸಿದ ಕೈಸಾಲವೂ ಅದರ ಕಣ್ಣಿಗೆ ವ್ಯಾಪಾರವೇ.

ಶೆಟ್ಟರಿಗೆ ನೋಟಿಸ್ ಬಂದಿರಲಿಲ್ಲ. ಆದರೂ ಟೀವಿಯಲ್ಲಿ ಸುದ್ದಿ ನೋಡಿದ ರಾತ್ರಿಯೇ ಬ್ಲೇಡು ಹಿಡಿದು ಸ್ಟಿಕ್ಕರ್ ಕೆರೆದರು. ಬೆಳಗ್ಗೆ ಬೋರ್ಡು: "ಯುಪಿಐ ಇಲ್ಲ, ಕ್ಯಾಶ್ ಮಾತ್ರ".

ಆಗ ನಮ್ಮನ್ನು ನೋಡಬೇಕಿತ್ತು. ಅರ್ಧ ಲೀಟರ್ ಹಾಲಿಗೆ ಬಂದವರು ಎಟಿಎಂ ಹುಡುಕುತ್ತಾ ಎರಡು ಕ್ರಾಸ್ ಆಚೆ ಹೋದೆವು. ತಂದಿದ್ದು 500ರ ನೋಟು. "ಚಿಲ್ಲರೆ ಕೊಡಿ ಸಾರ್" ಅಂದರು ಶೆಟ್ಟರು. ಒಂಬತ್ತು ವರ್ಷದಿಂದ ಕೇಳದ ಮಾತು! ಎದುರು ಬಿಲ್ಡಿಂಗಿನ ಸಾಫ್ಟ್‌ವೇರ್ ಹುಡುಗನಂತೂ ಬೀದಿಯಲ್ಲೇ ಭಾಷಣ ಶುರು ಮಾಡಿದ: "ಟ್ಯಾಕ್ಸ್ ಎಲ್ಲರೂ ಕಟ್ಟಬೇಕು ಅಂಕಲ್, ದೇಶ ಮುಂದೆ ಹೋಗೋದು ಹೇಗೆ?" ಅವನು ಮನೆ ಬಾಡಿಗೆಯಲ್ಲಿ ಅರ್ಧ ಕ್ಯಾಶ್ ಕೊಡುತ್ತಾನೆ. ಓನರ್ ಹಾಗೇ ಕೇಳ್ತಾರಂತೆ, ಪಾಪ.

ವ್ಯಾಪಾರಿಗಳು ಬಂದ್ ಅಂದರು. ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದರು. ನೋಂದಣಿ ಮಾಡಿಸಿಕೊಂಡರೆ ಹಳೆ ಬಾಕಿ ಕೇಳಲ್ಲ ಅಂದರು. ಬಂದ್ ವಾಪಸಾಯಿತು.

ಶೆಟ್ಟರ ಅಂಗಡಿಗೂ ಈಗ ಕ್ಯೂಆರ್ ವಾಪಸಾಗಿದೆ. ಡಬ್ಬಿ ಮೇಲಲ್ಲ, ಗಲ್ಲಾದೊಳಗೆ, ಬೋರಲಾಗಿ. ಮುಖಪರಿಚಯ ಇದ್ದರೆ ಮಾತ್ರ ಹೊರಗೆ ಬರುತ್ತದೆ. ಮೊನ್ನೆ ಸ್ಕ್ಯಾನ್ ಮಾಡಿದೆ. ಫೋನಿನಲ್ಲಿ ಯಾವುದೋ ಹೆಂಗಸಿನ ಹೆಸರು ಬಂತು.

"ಯಾರದು ಶೆಟ್ರೇ ಇದು?"

"ನಮ್ಮ ಅತ್ತಿಗೇದು. ಮೆಲ್ಲಗೆ ಮಾತಾಡಿ ಸಾರ್. ಕ್ಯಾಶ್ ಇದ್ರೆ ಅದನ್ನೇ ಕೊಟ್ಬಿಡಿ."

ಕೊಟ್ಟೆ. ಒಂದು ರೂಪಾಯಿ ಚಿಲ್ಲರೆ ಇರಲಿಲ್ಲ. ಈಗ ಪಿಯುಸಿ ಓದುತ್ತಿರುವ ಮಗಳಿಗೆ ಒಂಬತ್ತು ವರ್ಷದ ಮೇಲೆ ಚಾಕಲೇಟು ಬಂತು. ತೆರಿಗೆ ಇಲಾಖೆ ಮೇಲೆ ಅವಳಿಗೆ ಭಾರೀ ಅಭಿಮಾನ.