ಅಮ್ಮ ಅದನ್ನು ಸಂಗಮ ಅಂದರು

ಊರಿಂದ ಅಪ್ಪ ಅಮ್ಮ ಬಂದರೆ ಮಿನ್ನೆಸೋಟದಲ್ಲಿರುವ ನಾವೆಲ್ಲ ಮೊದಲ ಶನಿವಾರ ಎಲ್ಲಿಗೆ ಕರೆದೊಯ್ಯುತ್ತೇವೆ? ಮಾಲ್ ಆಫ್ ಅಮೆರಿಕಾಕ್ಕೆ. ನಾನೂ ಎರಡು ಸಲ ಹಾಗೇ ಮಾಡಿದ್ದೆ. ಈ ಜೂನ್‌ನಲ್ಲಿ ಅಮ್ಮ ಬಂದಾಗ ಅದನ್ನು ಬಿಟ್ಟು, ಅಲ್ಲಿಂದ ಹತ್ತು ನಿಮಿಷದ ದಾರಿಯಲ್ಲಿರುವ ಫೋರ್ಟ್ ಸ್ನೆಲಿಂಗ್ ಸ್ಟೇಟ್ ಪಾರ್ಕ್‌ಗೆ ಕರೆದುಕೊಂಡು ಹೋದೆ. ನೀವೂ ಹೋಗಿ ಅಂತ ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಹೇಗೆ ಹೋಗಬೇಕು ಅನ್ನುವುದರ ಬಗ್ಗೆ ನನಗೊಂದು ಗಟ್ಟಿ ಅಭಿಪ್ರಾಯವಿದೆ, ಅದೂ ಕೆಳಗಿದೆ.

ಏರ್‌ಪೋರ್ಟ್ ಪಕ್ಕದ ಹೆದ್ದಾರಿಯಿಂದ ತಿರುಗಿ ಇಳಿಜಾರಿನಲ್ಲಿ ಇಳಿದರೆ ಸಾಕು, ಊರು ಮುಗಿದುಹೋಗುತ್ತದೆ. ಕಾಟನ್‌ವುಡ್ ಮರಗಳ ಹತ್ತಿ ಗಾಳಿಯಲ್ಲಿ ಹಾರುತ್ತಿತ್ತು. ಅಮ್ಮ ಅಂಗೈ ಚಾಚಿ ಹಿಡಿದು, "ನಮ್ಮ ಬೂರುಗದ ಹತ್ತಿ ಥರಾನೇ" ಅಂದರು. ಸ್ನೆಲಿಂಗ್ ಕೆರೆಯ ಅಂಚಿನ ದಿಮ್ಮಿಯ ಮೇಲೆ ಆಮೆಗಳು ಸಾಲಾಗಿ ಬಿಸಿಲು ಕಾಯುತ್ತಿದ್ದವು. ಬೀವರ್ ಕಡಿದು ಪೆನ್ಸಿಲ್ ಮೊನೆಯಂತೆ ಮಾಡಿಟ್ಟಿದ್ದ ಮರದ ಬುಡವನ್ನು ಅಮ್ಮ ಸುತ್ತು ಹಾಕಿ ನೋಡಿದರು. ಹತ್ತಾರು ಹೆಜ್ಜೆ ದೂರದಲ್ಲಿ ಮರಿಯ ಜೊತೆ ನಿಂತಿದ್ದ ಜಿಂಕೆ, ತಲೆ ಮೇಲೆ ವಿಮಾನ ಗುಡುಗಿಕೊಂಡು ಹೋದರೂ ಕಿವಿ ಅಲ್ಲಾಡಿಸಲಿಲ್ಲ. ನಾವು ಪಿಸುಗುಟ್ಟಿದ್ದಕ್ಕೆ ಮಾತ್ರ ಬಿಳಿ ಬಾಲ ಎತ್ತಿಕೊಂಡು ಓಡಿತು.

ಕಾಲುಸೇತುವೆ ದಾಟಿದರೆ ಪೈಕ್ ದ್ವೀಪ. ಸುತ್ತು ದಾರಿ ಸುಮಾರು ಐದಾರು ಕಿಲೋಮೀಟರ್, ಪೂರ್ತಿ ಸಮತಟ್ಟು. ಮಂಡಿನೋವಿನ ಅಮ್ಮ ನಿಧಾನವಾಗಿ ಅಷ್ಟೂ ನಡೆದರು. ದ್ವೀಪದ ತುದಿಯಲ್ಲಿ ಮಿನ್ನೆಸೋಟ ನದಿ ಮಿಸಿಸಿಪ್ಪಿಯನ್ನು ಸೇರುತ್ತದೆ. ಹೊಲಗಳ ಮಣ್ಣು ಹೊತ್ತು ಬರುವ ಮಿನ್ನೆಸೋಟದ ನೀರು ಕಂದು. ಮಿಸಿಸಿಪ್ಪಿಯದು ಅದಕ್ಕಿಂತ ತಿಳಿ. ಎರಡು ಬಣ್ಣ ಸ್ವಲ್ಪ ದೂರ ಅಕ್ಕಪಕ್ಕದಲ್ಲೇ ಹರಿಯುತ್ತವೆ. ಅಮ್ಮ ಶ್ರೀರಂಗಪಟ್ಟಣದವರು. ನೋಡಿದವರೇ "ಇದು ಸಂಗಮ ಕಣೇ" ಅಂದರು.

ಇಲ್ಲಿನ ಮೂಲನಿವಾಸಿಗಳಾದ ಡಕೋಟ ಜನ ಈ ಜಾಗವನ್ನು ಕರೆಯುತ್ತಿದ್ದದ್ದೂ ಅದೇ ಅರ್ಥದಲ್ಲಿ: ಬ್ಡೋಟೆ, ನೀರುಗಳು ಕೂಡುವ ಸ್ಥಳ. ಅವರಲ್ಲಿ ಅನೇಕರಿಗೆ ತಮ್ಮ ಜನ ಹುಟ್ಟಿದ್ದೇ ಇಲ್ಲಿ ಅನ್ನುವ ನಂಬಿಕೆ. ನಾವು ದಿನಾ ಕಾರಲ್ಲಿ ದಾಟುವ ಮೆಂಡೋಟ ಸೇತುವೆಯ ಹೆಸರು ಬ್ಡೋಟೆಯ ಅಪಭ್ರಂಶ. ಹದಿನಾಲ್ಕು ವರ್ಷ ಅದರ ಮೇಲೆ ಓಡಾಡಿದ ಮೇಲೆ ನನಗೆ ಇದು ತಿಳಿಯಿತು. ಅದಕ್ಕೆ ನಾಚಿಕೆಯಾಗುತ್ತದೆ.

ಈ ದ್ವೀಪದಲ್ಲೇ 1805ರಲ್ಲಿ ಜೆಬುಲನ್ ಪೈಕ್ ಎಂಬ ಅಮೆರಿಕಾದ ಸೇನಾಧಿಕಾರಿ ಡಕೋಟ ಮುಖಂಡರ ಜೊತೆ ನೆಲ ಬಿಟ್ಟುಕೊಡುವ ಒಪ್ಪಂದ ಮಾಡಿಕೊಂಡ. ಅಲ್ಲಿದ್ದ ಏಳು ಮಂದಿಯಲ್ಲಿ ರುಜು ಹಾಕಿದ್ದು ಇಬ್ಬರೇ. ಎಷ್ಟು ಹಣ ಕೊಡುತ್ತೇವೆ ಅನ್ನುವ ಜಾಗವನ್ನು ಪೈಕ್ ಖಾಲಿ ಬಿಟ್ಟಿದ್ದ. ಸುಮಾರು ಒಂದು ಲಕ್ಷ ಎಕರೆಯ ಆ ನೆಲಕ್ಕೆ ಎರಡು ಲಕ್ಷ ಡಾಲರ್ ಬೆಲೆ ಎಂದು ಅವನೇ ಅಂದಾಜು ಮಾಡಿದ್ದ. ಸೆನೆಟ್ 1808ರಲ್ಲಿ ತುಂಬಿದ್ದು ಎರಡು ಸಾವಿರ. ಆ ನೆಲದ ಮೇಲೆ, ದಿಬ್ಬದ ತುದಿಯಲ್ಲಿ, 1820ರಿಂದ 1825ರೊಳಗೆ ಸುಣ್ಣಕಲ್ಲಿನ ಕೋಟೆ ಎದ್ದಿತು. ಗುಲಾಮಗಿರಿ ನಿಷಿದ್ಧವಾಗಿದ್ದ ಈ ಸೀಮೆಯ ಕೋಟೆಯಲ್ಲೇ ಸೇನಾ ವೈದ್ಯನೊಬ್ಬ ಡ್ರೆಡ್ ಸ್ಕಾಟ್ ಎಂಬ ಕಪ್ಪು ಜನಾಂಗದವನನ್ನು ಗುಲಾಮನಾಗಿ ಇಟ್ಟುಕೊಂಡಿದ್ದ. ಅವನಂತೆಯೇ ಗುಲಾಮಳಾಗಿದ್ದ ಹ್ಯಾರಿಯೆಟ್‌ಳನ್ನು ಡ್ರೆಡ್ ಮದುವೆಯಾದದ್ದೂ ಇಲ್ಲೇ. ಮುಂದೆ ಅವರು ಬಿಡುಗಡೆ ಕೇಳಿ ಹೂಡಿದ ದಾವೆಯನ್ನು 1857ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು.

ನನ್ನನ್ನು ಅಲ್ಲಾಡಿಸಿದ್ದು ಮಾತ್ರ 1862. ನೆಲ ಬಿಟ್ಟುಕೊಟ್ಟದ್ದಕ್ಕೆ ಡಕೋಟರಿಗೆ ವರ್ಷವರ್ಷ ಬರಬೇಕಿದ್ದ ಹಣ ಆ ಬೇಸಿಗೆ ತಡವಾಯಿತು. ಉಗ್ರಾಣದಲ್ಲಿ ಆಹಾರವಿತ್ತು, ಹೊರಗೆ ಹಸಿವಿತ್ತು. ಆಗಸ್ಟ್‌ನಲ್ಲಿ ಯುದ್ಧ ಹತ್ತಿಕೊಂಡಿತು. ನೂರಾರು ವಲಸಿಗರು ಸತ್ತರು, ಅವರಲ್ಲಿ ಹೆಂಗಸರು ಮಕ್ಕಳೂ ಇದ್ದರು, ಅದನ್ನು ಮುಚ್ಚಿಡಬಾರದು. ಯುದ್ಧ ಮುಗಿದ ಮೇಲೆ ನವೆಂಬರ್‌ನಲ್ಲಿ ಸುಮಾರು 1,600 ಡಕೋಟರನ್ನು, ಬಹುಪಾಲು ಹೆಂಗಸರು, ಮಕ್ಕಳು, ಮುದುಕರನ್ನು, ನಡೆಸಿಕೊಂಡು ಬಂದು ಕೋಟೆಯ ಕೆಳಗಿನ ಈ ನದಿಬಯಲಲ್ಲಿ ಬೇಲಿಯೊಳಗೆ ಹಾಕಿದರು. ಮಿನ್ನೆಸೋಟದ ಚಳಿಗಾಲ, ಟೆಂಟುಗಳು, ದಡಾರ. ವಸಂತ ಬರುವಷ್ಟರಲ್ಲಿ ಅಂದಾಜು 130ರಿಂದ 300 ಜನ ಇಲ್ಲೇ ಕಣ್ಣುಮುಚ್ಚಿದ್ದರು. ಡಿಸೆಂಬರ್ 26ರಂದು ಮ್ಯಾಂಕೇಟೊದಲ್ಲಿ 38 ಡಕೋಟ ಗಂಡಸರನ್ನು ಒಂದೇ ಸಲ ಗಲ್ಲಿಗೇರಿಸಿದರು. ಬದುಕುಳಿದವರನ್ನು ಮೇ ತಿಂಗಳಲ್ಲಿ ಹಬೆದೋಣಿಗೆ ತುಂಬಿ ಈ ನೆಲದಿಂದಲೇ ಆಚೆ ಕಳಿಸಿದರು.

ನಾವು ಕಾರು ನಿಲ್ಲಿಸಿ ಚಿತ್ರಾನ್ನದ ಡಬ್ಬಿ ಬಿಚ್ಚಿದ್ದು ಆ ಬಯಲಲ್ಲೇ.

ವಿಸಿಟರ್ ಸೆಂಟರ್ ಹತ್ತಿರ ಒಂದು ಸ್ಮಾರಕವಿದೆ. ಜನ ಬಟ್ಟೆಯ ಚೂರುಗಳನ್ನು, ತಂಬಾಕಿನ ಪುಟ್ಟ ಗಂಟುಗಳನ್ನು ಕಟ್ಟಿಹೋಗುತ್ತಾರೆ. ನಾನು ಫಲಕ ಓದಿ ಹೇಳುತ್ತಿದ್ದಂತೆ ಅಮ್ಮ ಚಪ್ಪಲಿ ಬಿಟ್ಟು ನಿಂತರು. ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ: "ಅವರ ಮಕ್ಕಳು ಈಗ ಇಲ್ಲಿಗೆ ಬರ್ತಾರಾ?" ಬರುತ್ತಾರೆ ಅಮ್ಮ, ಆ ಗಂಟು ಕಟ್ಟುವವರು ಅವರೇ ಅಂದೆ.

ಫೋಟೋ ಹಾಕಿದಾಗ ಸ್ನೇಹಿತರೊಬ್ಬರು ಬರೆದರು, ಪಿಕ್ನಿಕ್ ಜಾಗದಲ್ಲಿ ಇದೆಲ್ಲ ಯಾಕೆ, ಜಿಂಕೆ ನೋಡಿ ಬಂದರೆ ಸಾಲದೇ ಅಂತ. ಸಾಲದು. ಇದೊಂದು ವಿಷಯದಲ್ಲಿ ನಾನು ರಾಜಿಯಾಗಲಾರೆ. ಜಿಂಕೆಯನ್ನೂ ಪ್ರೀತಿಯಿಂದ ನೋಡೋಣ, ಇಲ್ಲಿ ಸತ್ತ ಮಕ್ಕಳನ್ನೂ ನೆನೆಯೋಣ. ಎರಡಕ್ಕೂ ಒಂದು ಮಧ್ಯಾಹ್ನದಲ್ಲಿ ಜಾಗವಿದೆ.

ಹೆಸರಿನ ವಿಚಾರಕ್ಕೆ ಬರುತ್ತೇನೆ. 2019ರಲ್ಲಿ ಮೇಲಿನ ಕೋಟೆಯ ಫಲಕದಲ್ಲಿ "ಬ್ಡೋಟೆ" ಅನ್ನುವ ಪದ ಸೇರಿಸಿದ್ದಕ್ಕೆ ಇಲ್ಲಿ ದೊಡ್ಡ ಗಲಾಟೆ ಆಯಿತು, ಇತಿಹಾಸ ತಿದ್ದುತ್ತಿದ್ದಾರೆ ಅಂತ. 2014ರ ರಾಜ್ಯೋತ್ಸವದಂದು ಬ್ಯಾಂಗಲೋರ್ ಹೋಗಿ ಅಧಿಕೃತವಾಗಿ ಬೆಂಗಳೂರು ಆದಾಗ ಹಿಗ್ಗಿದವರು ನಾವು. ನೆಲದ ಜನ ಇಟ್ಟ ಹೆಸರು ಅವರ ಬಾಯಲ್ಲಿದ್ದಂತೆಯೇ ಉಳಿಯಬೇಕು ಅನ್ನುವ ಸಂಕಟ ನಮಗೆ ಗೊತ್ತು. ಇಲ್ಲಿ ಮನೆ ಮಾಡಿಕೊಂಡ ಮೇಲೆ ಬ್ಡೋಟೆ ಅನ್ನುವುದನ್ನು ಕಲಿಯೋಣ. ದ್ವೀಪಕ್ಕೂ ಪೈಕ್‌ಗಿಂತ ಹಳೆಯ ಹೆಸರಿದೆ: ವೀಟಾ ಟಾಂಕಾ, ದೊಡ್ಡ ದ್ವೀಪ.

ಹೇಗೆ ಹೋಗಬೇಕು ಅಂದರೆ, ಮೊದಲು ಕೆಳಗೆ ಹೋಗಿ. ಪಾರ್ಕ್ ನಡೆಸುವವರು ಬೇರೆ, ಮೇಲಿನ ಕೋಟೆ ನೋಡಿಕೊಳ್ಳುವವರು ಬೇರೆ. ಹಾಗಾಗಿ ಬಹಳ ಜನ ಒಂದನ್ನು ನೋಡಿ ಇನ್ನೊಂದನ್ನು ಬಿಡುತ್ತಾರೆ. ಮೇಲಿಂದ ಶುರು ಮಾಡಿದರೆ ಕಣ್ಣು ತುಂಬ ಗೋಪುರ, ಫಿರಂಗಿ, ಸಮವಸ್ತ್ರ. ನದಿಯ ಕಡೆಯಿಂದ ತಲೆಯೆತ್ತಿ ನೋಡಿದರೆ ಅದೇ ಗೋಡೆ, ಕೆಳಗೆ ಬೇಲಿಯೊಳಗೆ ಕೂಡಿಹಾಕಿಸಿಕೊಂಡವರಿಗೆ ಹೇಗೆ ಕಂಡಿರಬೇಕೋ ಹಾಗೆ ಕಾಣುತ್ತದೆ. ಆಮೇಲೆ ಮೇಲೆ ಹೋಗಿ. ಎರಡನೇ ಮಹಾಯುದ್ಧದ ಕಾಲದ ಭಾಷಾ ಶಾಲೆಯ ಕಥೆ ತಪ್ಪಿಸಬೇಡಿ. ಅಮೆರಿಕಾ ಸರ್ಕಾರ ತಮ್ಮ ಸಮುದಾಯದವರನ್ನು ಮುಳ್ಳುತಂತಿಯ ಶಿಬಿರಗಳಲ್ಲಿ ಕೂಡಿಹಾಕಿದ್ದಾಗಲೂ ಜಪಾನಿ ಮೂಲದ ಅಮೆರಿಕನ್ ಹುಡುಗರು 1944ರಿಂದ ಇಲ್ಲಿ ಕೂತು, ಮನೆಮಾತಾಗಿದ್ದ ಭಾಷೆಯನ್ನು ಸೇನೆಗಾಗಿ ಮತ್ತೆ ಕಲಿತರು.

ವಾಹನಕ್ಕೆ ಪಾರ್ಕ್ ಪರ್ಮಿಟ್ ಬೇಕು. ಜೂನ್‌ನಲ್ಲಿ ಸೊಳ್ಳೆ ಜಾಸ್ತಿ, ತುಂಬು ತೋಳಿನ ಅಂಗಿ ಹಾಕಿ. ಹಿಮ ಕರಗುವ ಏಪ್ರಿಲ್‌ನಲ್ಲಿ ನದಿ ಉಕ್ಕಿ ಕೆಲವು ವರ್ಷ ಪಾರ್ಕನ್ನೇ ಮುಚ್ಚುತ್ತಾರೆ, ನೋಡಿಕೊಂಡು ಹೊರಡಿ. ಅಮ್ಮ ಮುಂದಿನ ವಾರ ಊರಿಗೆ ಹೊರಡುತ್ತಾರೆ. ವಿಮಾನ ಹತ್ತುವ ಮೊದಲು ಇನ್ನೊಂದು ಸಲ ಸಂಗಮಕ್ಕೆ ಹೋಗಬೇಕಂತೆ. ಯಾರಾದರೂ ಜೊತೆ ಬರುವುದಾದರೆ ಭಾನುವಾರ ಬೆಳಿಗ್ಗೆ ಎಂಟಕ್ಕೆ ದ್ವೀಪದ ಸೇತುವೆ ಹತ್ತಿರ ಇರುತ್ತೇವೆ.