ಕಲ್ಕತ್ತಾ ಬಿಷಪ್ಪರ ಕೈಕೆಳಗಿದ್ದ ಸಿಡ್ನಿ

ಸಿಡ್ನಿಯ ಆಂಗ್ಲಿಕನ್ ಚರ್ಚು, ಅಂದರೆ ಇಂಗ್ಲೆಂಡಿನ ಚರ್ಚಿನ ಪರಂಪರೆಯದು, ಒಂದು ಕಾಲಕ್ಕೆ ಕಲ್ಕತ್ತಾ ಬಿಷಪ್ಪರ ಕೈಕೆಳಗಿತ್ತು ಅಂದರೆ ನಂಬ್ತೀರಾ? 1824ರಲ್ಲಿ ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್‌ಗೆ ಅಂತ ಒಬ್ಬ ಆರ್ಚ್‌ಡೀಕನ್ನನ್ನು (ಬಿಷಪ್ಪರ ಕೈಕೆಳಗಿನ ಹಿರಿಯ ಪಾದ್ರಿ) ನೇಮಿಸಿ, ಆ ಇಡೀ ಸೀಮೆಯನ್ನು ಕಲ್ಕತ್ತಾ ಡಯಾಸಿಸ್‌ಗೆ (ಒಬ್ಬ ಬಿಷಪ್ಪರ ಆಡಳಿತದ ಪ್ರಾಂತ್ಯ) ಸೇರಿಸಿಬಿಟ್ಟರು. ನಡುವೆ ಹಡಗಿನಲ್ಲಿ ತಿಂಗಳುಗಟ್ಟಲೆ ದಾರಿ! ನಮ್ಮ ಬೆಂಗಳೂರಿನ ಎಂ.ಜಿ. ರೋಡಿನ ಸೇಂಟ್ ಮಾರ್ಕ್ಸ್ ಚರ್ಚನ್ನು 1816ರಲ್ಲಿ ಪ್ರತಿಷ್ಠೆ ಮಾಡಿದವರೂ ಕಲ್ಕತ್ತಾ ಬಿಷಪ್ಪರೇ. ಅಂದರೆ ಕೆಲವು ವರ್ಷ ಬೆಂಗಳೂರಿಗೂ ಸಿಡ್ನಿಗೂ ಯಜಮಾನರು ಒಬ್ಬರೇ.

1836ರಲ್ಲಿ ವಿಲಿಯಂ ಬ್ರೌಟನ್ ಆಸ್ಟ್ರೇಲಿಯಾದ ಬಿಷಪ್ ಆದರು. ಇಡೀ ಖಂಡಕ್ಕೆ ಒಬ್ಬರೇ ಬಿಷಪ್. 1847ರಲ್ಲಿ ಮೆಲ್ಬರ್ನ್, ಅಡಿಲೇಡ್, ನ್ಯೂಕ್ಯಾಸಲ್ ಬೇರೆ ಡಯಾಸಿಸ್‌ಗಳಾದವು. ಹೊಸ ಬಿಷಪ್ಪರಿಗಾಗಿ ಬ್ರೌಟನ್ ತಮ್ಮ ಸಂಬಳದಲ್ಲೇ ಒಂದು ಪಾಲು ಬಿಟ್ಟುಕೊಟ್ಟರು. ಇದ್ದ ಅಧಿಕಾರವನ್ನು ತಾವಾಗಿಯೇ ಹಂಚಿ, ಅದಕ್ಕೆ ಕೈಯಿಂದ ದುಡ್ಡು ಕೊಡುವವರು ಎಷ್ಟು ಜನ ಸಿಗ್ತಾರೆ ಹೇಳಿ.

ಆದರೆ ಈಗಿನ ಸಿಡ್ನಿಯನ್ನು ರೂಪಿಸಿದವರು ಅವರಲ್ಲ, ಅವರ ನಂತರ ಬಂದ ಫ್ರೆಡರಿಕ್ ಬಾರ್ಕರ್ ಅನ್ನೋದು ನನ್ನ ಅಭಿಪ್ರಾಯ. ಬಾರ್ಕರ್ ಬೈಬಲ್ ಬೋಧನೆಗೇ ಮೊದಲ ಜಾಗ ಕೊಡುವ ಇವ್ಯಾಂಜೆಲಿಕಲ್ ಪಂಥದವರು. 1855ರಲ್ಲಿ ಬಂದರು, ಮರುವರ್ಷವೇ ಪಾದ್ರಿಗಳನ್ನು ತಯಾರು ಮಾಡಲು ಮೂರ್ ಕಾಲೇಜು ಶುರುವಾಯಿತು. ಬಿಷಪ್ಪರು ಬರ್ತಾರೆ, ಹೋಗ್ತಾರೆ. ಕಾಲೇಜು ಉಳಿಯುತ್ತೆ. ಮುಂದೆ ಸಿಡ್ನಿಯ ಆರ್ಚ್‌ಬಿಷಪ್ (ಬಿಷಪ್ಪರಿಗಿಂತ ಮೇಲಿನ ಪದವಿ) ಆದ ಮಾರ್ಕಸ್ ಲೋನ್, ಪೀಟರ್ ಜೆನ್ಸನ್ ಇಬ್ಬರೂ ಅದೇ ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು. ಕಾಲೇಜು ಯಾರ ಕೈಲಿದೆಯೋ ಡಯಾಸಿಸ್ ಅವರ ಕೈಲಿ, ಅಷ್ಟೇ.

ಬಿಷಪ್ ಅನ್ನುವ ಪದವಿ ಆರ್ಚ್‌ಬಿಷಪ್ ಆಗಿದ್ದು 1897ರಲ್ಲಿ, ಸಾಮರೆಜ್ ಸ್ಮಿತ್ ಕಾಲದಲ್ಲಿ. ನಂತರ ರೈಟ್, ಚೀನಾದಲ್ಲಿ ಬಿಷಪ್ಪರಾಗಿದ್ದು ಬಂದ ಹೊವರ್ಡ್ ಮೌಲ್, ಆಮೇಲೆ ಗಫ್. ಅಲ್ಲಿಯವರೆಗೂ ಎಲ್ಲರೂ ಹೊರಗಿನಿಂದ ಬಂದವರೇ! ಆಸ್ಟ್ರೇಲಿಯಾದಲ್ಲೇ ಹುಟ್ಟಿದ ಮೊದಲ ಆರ್ಚ್‌ಬಿಷಪ್ ಅಂದರೆ 1966ರಲ್ಲಿ ಬಂದ ಲೋನ್. ಬ್ರೌಟನ್‌ರಿಂದ ಲೆಕ್ಕ ಹಾಕಿದರೆ 130 ವರ್ಷ. ಊರಿನ ಮಗನಿಗೆ ಊರಿನ ಪೀಠ ಸಿಗೋಕೆ ಇಷ್ಟು ಕಾಲ ಬೇಕಾಯಿತು.

2021ರಲ್ಲಿ ಕನಿಷ್ಕ ರಾಫೆಲ್ ಆರ್ಚ್‌ಬಿಷಪ್ ಆಗಿ ಆರಿಸಿ ಬಂದರು. ಹುಟ್ಟಿದ್ದು ಲಂಡನ್‌ನಲ್ಲಿ, ಅಪ್ಪ-ಅಮ್ಮ ಶ್ರೀಲಂಕಾದವರು. ಬೌದ್ಧರಾಗಿ ಬೆಳೆದು, ಯೂನಿವರ್ಸಿಟಿಯಲ್ಲಿ ಓದುವಾಗ ಕ್ರೈಸ್ತರಾದವರು. ಸಿಡ್ನಿಯ ಹಾಗೇ ಶ್ರೀಲಂಕಾದ ಆಂಗ್ಲಿಕನ್ ಚರ್ಚೂ ಒಂದು ಕಾಲಕ್ಕೆ ಕಲ್ಕತ್ತಾ ಬಿಷಪ್ಪರ ಕೈಕೆಳಗೇ ಇತ್ತು. ಈ ಪಟ್ಟಿಯಲ್ಲಿ ಆ ಹೆಸರು ನೋಡಿ ನನಗೆ ಖುಷಿಯಾಗಿದ್ದು ನಿಜ. ಆದರೂ ಅದೊಂದನ್ನೇ ತೋರಿಸಿ 'ನೋಡಿ, ಎಷ್ಟು ಬದಲಾಗಿದೆ' ಅನ್ನುವವರ ಜೊತೆ ನನಗೆ ಜಗಳ ಇದೆ. ರಾಫೆಲ್ ಕೂಡ ಮೂರ್ ಕಾಲೇಜಿನಲ್ಲೇ ಓದಿದವರು, ಅಲ್ವಾ? ಬಾರ್ಕರ್ ಹಾಕಿದ ದಾರಿಯಲ್ಲೇ ಬಂಡಿ ಹೋಗ್ತಿದೆ, ಬಂಡಿ ಹೊಡೆಯುವವರ ಊರು ಮಾತ್ರ ಬೇರೆ.

ಸಿಡ್ನಿಯಲ್ಲಿ ಆರ್ಚ್‌ಬಿಷಪ್ಪರನ್ನು ಸಿನಡ್, ಅಂದರೆ ಡಯಾಸಿಸ್‌ನ ಪ್ರತಿನಿಧಿಗಳ ಕೂಟ, ಆರಿಸುತ್ತದೆ. ಪಾದ್ರಿಗಳ ಜೊತೆ ಪಾದ್ರಿಗಳಲ್ಲದ ಸದಸ್ಯರೂ ವೋಟು ಹಾಕ್ತಾರೆ, ಅದರಲ್ಲಿ ಹೆಂಗಸರೂ ಇದ್ದಾರೆ. ಆದರೆ ಅಲ್ಲಿ ಹೆಂಗಸರು ಡೀಕನ್ (ಪಾದ್ರಿಗಿಂತ ಕೆಳಗಿನ ಹಂತ) ಆಗಬಹುದೇ ಹೊರತು ಪಾದ್ರಿಯಾಗುವಂತಿಲ್ಲ. ಮತ್ತೆ ಆರ್ಚ್‌ಬಿಷಪ್ ಮಾತೆಲ್ಲಿ? ಅದೇ ದೇಶ, ಅದೇ ಚರ್ಚು. ಪರ್ತ್‌ನಲ್ಲಿ 2018ರಲ್ಲೇ ಕೇ ಗೋಲ್ಡ್ಸ್‌ವರ್ದಿ ಅನ್ನೋ ಹೆಣ್ಣುಮಗಳು ಆರ್ಚ್‌ಬಿಷಪ್ ಆದರು.